ಮೂರು ಚುಕ್ಕಿಯ ಗುರುತು

ನಿಪ್ಪಾಣಿಯ ಒಂದು ಬಂದೂಕು ರಿಪೇರಿ ಅಂಗಡಿಯಲ್ಲಿ ಮೂವತ್ತೆಂಟು ವರ್ಷ ಕೂತು ಎದ್ದವನು ನಾನು. ಕಣ್ಣಿನ ಪೊರೆ ತೆಗೆಸಿದ ಮೇಲೆ ಇನ್ನು ಸಾಕು ಅನ್ನಿಸಿ ಮನೆ ಸೇರಿದೆ. ಅಂಗಡಿಗೆ ಈಗ ಇಬ್ಬರು ಹೊಸಬರು ಬಂದಿದ್ದಾರೆ. ಐಟಿಐ ಓದಿದವರು, ಕೈಯಲ್ಲಿ ಅಂಕಿ ತೋರಿಸುವ ಅಳತೆಗೋಲು ಹಿಡಿದವರು. ಒಳ್ಳೆಯವರೇ, ಆದರೆ ಎರಡನೇ ಮಾತಿಗೇ ‘ಗೊತ್ತಾತ್ರಿ ಕಾಕಾ’ ಅನ್ನುತ್ತಾರೆ. ಗೊತ್ತಾಗಿರುವುದಿಲ್ಲ. ಬರೆದಿಟ್ಟರಾದರೂ ಎಂದಾದರೊಮ್ಮೆ ಓದಿಯಾರು ಅಂತ ಇದನ್ನು ಬರೆಯುತ್ತಿದ್ದೇನೆ.

ನಮ್ಮ ಕೆಲಸ ಏನೆಂದು ಮೊದಲು ಹೇಳುತ್ತೇನೆ. ರೈಫಲ್ಲಿನ ಮೈಮೇಲೆ ಹೊಡೆದ ನಂಬರು ನೋಡಿ ಜನ ಕಾಡತೂಸು ಕೊಳ್ಳುತ್ತಾರೆ. ನಂಬರು ಅಂದರೆ ನಳಿಗೆಯೊಳಗಿನ ತೂತಿನ ಅಗಲ, ಅಂಗುಲವನ್ನು ಸಾವಿರ ಪಾಲು ಮಾಡಿದ ಲೆಕ್ಕದಲ್ಲಿ. ಹೊಸ ರೈಫಲ್ಲಿನಲ್ಲಿ ಅದು ಕಾರ್ಖಾನೆಯಿಂದಲೇ ಬಂದಿರುತ್ತದೆ. ನಮ್ಮ ಕಡೆಯ ಹಳೆಯ ಮನೆತನಗಳಲ್ಲಿ ಇರುವವು ಸಂಸ್ಥಾನಗಳ ಕಾಲದವು, ಯಾರ್ಯಾರದೋ ಕೈಯಲ್ಲಿ ಮೂರು ಮೂರು ಸಲ ಮೈ ಬದಲಿಸಿದವು. ಅವುಗಳ ನಂಬರು ಅಳಿಸಿರುತ್ತದೆ, ಇಲ್ಲವೇ ಸುಳ್ಳಾಗಿರುತ್ತದೆ. ನಿಜವಾದ ನಂಬರು ಕಂಡುಹಿಡಿದು ಹೊಡೆಯುವುದು ನನ್ನ ಕೆಲಸವಾಗಿತ್ತು. ಕೂದಲೆಳೆಯಷ್ಟು ತಪ್ಪಿದರೂ ಗುಂಡು ಮುಂದಕ್ಕೆ ಹೋಗುವ ಬದಲು ಬೆಂಕಿ ಹಿಂದಕ್ಕೆ, ಹೊಡೆದವನ ಮುಖಕ್ಕೇ ಬರಬಹುದು.

ಇಂಥ ಕೆಲಸಕ್ಕೆ ನಾನು ಸೇರಿದ್ದೇ ನಗೆಪಾಟಲಿನ ಸಂಗತಿ. ನಮ್ಮದು ಕಾಗವಾಡದ ಹತ್ತಿರದ ಜೈನ ಒಕ್ಕಲುತನದ ಮನೆ. ಇರುವೆಯ ಮೇಲೆ ಕಾಲು ಬಿದ್ದೀತೆಂದು ನೆಲ ನೋಡಿಕೊಂಡೇ ನಡೆಯುತ್ತಿದ್ದವಳು ನನ್ನ ಅವ್ವ. ಮಗ ಬಂದೂಕಿನ ಅಂಗಡಿ ಸೇರಿದನೆಂದು ಮೂರು ದಿನ ಮಾತು ಬಿಟ್ಟಿದ್ದಳು. ಕೊನೆಗೆ ಒಂದೇ ವಚನ ತೆಗೆದುಕೊಂಡಳು: ಹೊತ್ತು ಮುಳುಗಿದ ಮೇಲೆ ಉಣ್ಣಬಾರದು. ದೀಪಕ್ಕೆ ಬರುವ ಹುಳ ತಾಟಿನಲ್ಲಿ ಬಿದ್ದು ನನ್ನಿಂದ ಸಾಯಬಾರದು. ಅದನ್ನು ನಾನು ತಪ್ಪದೆ ನಡೆಸಿದೆ. ಸಂಜೆ ಐದಾಯಿತೆಂದರೆ ಕಣ್ಣು ಬಾಗಿಲ ಹೊರಗಿನ ಬಿಸಿಲಿನ ಮೇಲೆ. ‘ನೇಮಣ್ಣನ ಗಡಿಯಾರ ಆಕಾಶದಾಗ ಐತಿ’ ಎಂದು ನಮ್ಮ ಉಸ್ತಾದರು ಗಿರಾಕಿಗಳ ಮುಂದೆ ಚೇಷ್ಟೆ ಮಾಡುತ್ತಿದ್ದರು.

ಉಸ್ತಾದರೆಂದರೆ ಅಂಗಡಿಯ ಮಾಲೀಕರಾದ ದಸ್ತಗೀರ ಮಿಸ್ತ್ರಿ. ನನಗೆ ಕೆಲಸ ಕಲಿಸಿದವರು. ಮಾತು ಕಡಿಮೆ, ಕೈ ಚುರುಕು, ಸಿಟ್ಟು ಬಂದರೆ ಕಬ್ಬಿಣ ಉಜ್ಜುವ ಅರಗೋಲು ನಮ್ಮ ಕಡೆಗೇ ಹಾರಿ ಬರುತ್ತಿತ್ತು. ಮೊದಲ ದಿನ ಅವರು ಹೇಳಿದ್ದನ್ನು ನೀವೂ ಗೋಡೆಯ ಮೇಲೆ ಬರೆದುಕೊಳ್ಳಿ. ‘ಬಂದೂಕಿನ ಬಾಯಿ ಸುಳ್ಳ ಹೇಳ್ತೈತಿ ಬೇಟಾ. ಗಂಟಲಾ ಕೇಳಬೇಕು.’ ನಳಿಗೆಯ ತುದಿಯೇ ಬಾಯಿ. ಸರಳು ಹಾಕಿ ತಿಕ್ಕಿ ತಿಕ್ಕಿ ಅದು ವರ್ಷ ಕಳೆದಂತೆ ಅಗಲವಾಗುತ್ತದೆ. ಗಂಟಲೆಂದರೆ ಕಾಡತೂಸು ಕೂರುವ ಮನೆ ಮುಗಿದು ನಳಿಗೆಯ ಸುರುಳಿ ಗೆರೆಗಳು ಶುರುವಾಗುವ ಜಾಗ. ಅಲ್ಲಿಗೆ ಅಳತೆಗೋಲು ಹೋಗುವುದಿಲ್ಲ.

ಅದಕ್ಕೇ ಗಂಧಕ. ಅಥಣಿಯ ದ್ರಾಕ್ಷಿ ತೋಟದವರು ಬೂದಿರೋಗಕ್ಕೆ ಹೊಡೆಯುವ ಹಳದಿ ಗಂಧಕವನ್ನೇ ಉಸ್ತಾದರು ತರಿಸುತ್ತಿದ್ದರು. ಸಣ್ಣ ಕೆಂಡದ ಮೇಲೆ ಅದನ್ನು ಕರಗಿಸಿ, ಒಂದು ಚಿಟಿಕೆ ದೀಪದ ಕಾಡಿಗೆ, ಚೂರು ಕರ್ಪೂರ ಸೇರಿಸಿ, ನಳಿಗೆಯ ಹಿಂಬದಿ ಮುಚ್ಚುವ ಬೋಲ್ಟು ತೆಗೆದ ರೈಫಲ್ಲಿಗೆ ಹಿಂದಿನಿಂದ ಸುರಿಯುತ್ತಿದ್ದೆವು. ಮುಂದೆ ಬಟ್ಟೆಯ ಬಿರಡೆ. ಗಟ್ಟಿಯಾಗಲು ಬಿಟ್ಟು ಮೆಲ್ಲಗೆ ಸರಳಿನಿಂದ ತಳ್ಳಿದರೆ ಹೊರಗೆ ಬರುವುದು ಆ ಖಾಲಿ ಜಾಗದ್ದೇ ಅಚ್ಚು. ಕಪ್ಪು ಹಳದಿ ಬಣ್ಣ, ಗೇಣಿಗಿಂತ ಗಿಡ್ಡ, ತುದಿಯಲ್ಲಿ ಉಗುರಿನ ಹಾಗೆ ಗೆರೆಗಳು. ಅಂಗೈ ಮೇಲೆ ಇಟ್ಟುಕೊಂಡಾಗ ಯಾರದೋ ಬೆರಳು ಹಿಡಿದ ಹಾಗಾಗುತ್ತದೆ. ದೇವರ ಮನೆಯ ಕರ್ಪೂರದ ವಾಸನೆ, ಅದರ ಹಿಂದೆಯೇ ಗಂಧಕದ ಘಾಟು. ಮೂವತ್ತೆಂಟು ವರ್ಷದಲ್ಲಿ ಒಂದು ಸಲವೂ ಆ ಬೆರಳನ್ನು ನಾನು ಮೈ ಜುಮ್ಮೆನ್ನದೆ ಮುಟ್ಟಿಲ್ಲ.

ಅವಸರ ಮಾಡಿದರೆ ಅದು ಒಳಗೇ ಮುರಿಯುತ್ತದೆ. ಮರೆತು ಬಿಟ್ಟರೆ ಕಚ್ಚಿಕೊಳ್ಳುತ್ತದೆ. ಚಿಕ್ಕೋಡಿಯ ಒಬ್ಬ ವಕೀಲರ ರೈಫಲ್ಲಿಗೆ ಸುರಿದು, ಚಹಾಕ್ಕೆಂದು ಹೋಗಿ, ಅಲ್ಲಿ ಯಾರೊಂದಿಗೋ ಹರಟೆಗೆ ಬಿದ್ದು ಮಾರನೇ ದಿನ ಬಂದು ನೋಡಿದ್ದೆ. ಅದನ್ನು ಬಿಡಿಸಲು ನಾಲ್ಕು ದಿನ ಬೇಕಾಯಿತು, ಅಷ್ಟೂ ದಿನ ವಕೀಲರು ಅಂಗಡಿಯಲ್ಲೇ ಕೂತು ನನಗೆ ಕಾನೂನು ಹೇಳಿದರು.

ಅಚ್ಚು ತೆಗೆದ ಮೇಲೆ ಮೆತ್ತನೆಯ ಸೀಸದ ಗುಂಡನ್ನು ನಳಿಗೆಯ ಉದ್ದಕ್ಕೂ ನೂಕಿ ಅದನ್ನೂ ಅಳೆಯಬೇಕು. ಎರಡೂ ಒಂದೇ ಮಾತು ಹೇಳಿದರೆ ಆಗ ಠಸ್ಸೆ ಹಿಡಿಯಬೇಕು. ಠಸ್ಸೆಯೆಂದರೆ ಅಂಕಿ ಹೊಡೆಯುವ ಉಕ್ಕಿನ ಉಳಿ. ನಂಬರಿನ ಪಕ್ಕದಲ್ಲಿ ಹೊಡೆದವನ ಸ್ವಂತ ಗುರುತು. ಉಸ್ತಾದರದು ಅರ್ಧ ಚಂದ್ರ. ನನ್ನದು ಮೂರು ಚುಕ್ಕಿ, ಬಸದಿಯಲ್ಲಿ ಅಕ್ಕಿಯಿಂದ ಇಡುತ್ತೇವಲ್ಲ, ಹಾಗೆ. ಮೂರನೆಯ ಚುಕ್ಕಿ ಯಾವಾಗಲೂ ತುಸು ಕೆಳಗೆ ಜಾರುತ್ತಿತ್ತು. ಎಷ್ಟು ತಿದ್ದಿದರೂ ಕೈ ಕೇಳಲಿಲ್ಲ. ಹಳೆಯ ನಂಬರನ್ನು ಅರಗೋಲಿನಿಂದ ಅಳಿಸುವಂತಿಲ್ಲ. ತಪ್ಪಿದ್ದರೆ ಮೇಲೊಂದು ಗೀಟು ಎಳೆದು ಪಕ್ಕದಲ್ಲಿ ಸರಿಯಾದದ್ದನ್ನು ಹೊಡೆಯಬೇಕು. ಹಿಂದಿನವನ ತಪ್ಪು ಮುಂದಿನವನಿಗೆ ಕಾಣಬೇಕೆಂದು ಉಸ್ತಾದರು ಹಾಗೆ ಇಟ್ಟಿದ್ದರು.

ನಳಿಗೆಯೊಳಗಿಂದ ಏನು ಬಂದರೂ ಎಸೆಯಬಾರದು ಅನ್ನುವುದು ಇನ್ನೊಂದು ನಿಯಮ. ಅದನ್ನು ನಾನು ರಾಯಬಾಗದ ರೈಫಲ್ಲಿನಿಂದ ಕಲಿತೆ. ಸೀಸದ ಗುಂಡು ನೂಕಿದಾಗ ಅದರ ಮುಂದೆ ಕೂದಲಿನ ಸಣ್ಣ ಸುರುಳಿ ಹೊರಗೆ ಬಿತ್ತು. ಮಗುವಿನ ಕೂದಲು, ರೇಷ್ಮೆಯಷ್ಟು ಮೆತ್ತಗೆ. ಕಸವೆಂದು ಕೆಂಡಕ್ಕೆ ಹಾಕಿದೆ. ಸಂಜೆ ಆ ಮನೆಯ ಮುದುಕಿ ಬಂದು ಮೊದಲು ಕೇಳಿದ್ದೇ ಅದನ್ನು. ಸತ್ತ ಮಗನಿಗೆ ಮೊದಲ ಸಲ ತೆಗೆಸಿದ ಜಾವಳದ ಕೂದಲು. ಯಾರ ಕೈಗೂ ಸಿಗದಿರಲೆಂದು ಬಂದೂಕಿನಲ್ಲಿ ಬಚ್ಚಿಟ್ಟಿದ್ದಳಂತೆ. ಆಕೆ ಕೆಂಡದ ಅಗ್ಗಿಷ್ಟಿಕೆಯನ್ನೇ ನೋಡುತ್ತ ನಿಂತಳು. ಆ ಬೂದಿಯನ್ನು ಉಸ್ತಾದರು ನನ್ನ ಕೈಯಿಂದಲೇ ಕೃಷ್ಣೆಗೆ ಬಿಡಿಸಿದರು.

ಅದೇ ವರ್ಷ ದಸರೆ ಕಳೆದ ಒಂದು ವಾರಕ್ಕೆ ಉಸ್ತಾದರು ಒಬ್ಬರೇ ಅಥಣಿ ಕಡೆ ಹೋಗಿ ಬಂದರು. ಬಂದವರು ಚಹಾ ಸಹ ಕುಡಿಯಲಿಲ್ಲ. ನನ್ನ ಮುಂದಿದ್ದ ಠಸ್ಸೆಯ ಪೆಟ್ಟಿಗೆಯನ್ನು ಎತ್ತಿ ತಮ್ಮ ಗಾದಿಯ ಕೆಳಗೆ ಇಟ್ಟುಕೊಂಡರು. ‘ಒಂದ್ ವರ್ಷ ಮುಟ್ಟಬ್ಯಾಡ’ ಎಂದರು. ಯಾಕೆಂದು ಹೇಳಲಿಲ್ಲ. ಜಾವಳದ ಕೂದಲಿಗೇ ಈ ಶಿಕ್ಷೆ ಅಂದುಕೊಂಡೆ. ವರ್ಷವಿಡೀ ಕಟ್ಟಿಗೆಯ ಹಿಡಿಗಳಿಗೆ ಎಣ್ಣೆ ತಿಕ್ಕಿದೆ. ವರ್ಷ ತುಂಬಿದ ದಿನ ಅವರು ಪೆಟ್ಟಿಗೆ ಮರಳಿಸಿ, ಇನ್ನು ಮೇಲೆ ಅಳತೆ ಮಾಡಿದ ದಿನವೇ ನಂಬರು ಹೊಡೆಯಬಾರದು, ಒಂದು ರಾತ್ರಿ ನಡುವೆ ಇರಬೇಕು ಎಂದು ಹೊಸ ನಿಯಮ ಮಾಡಿದರು. ಆಮೇಲೆ ಹತ್ತು ವರ್ಷ ಬದುಕಿದ್ದರು. ಆ ಮಾತನ್ನು ಮತ್ತೆ ಎತ್ತಲಿಲ್ಲ.

ಈಗ ಗಂಧಕ ಹೋಗಿದೆ. ಬಿಸಿನೀರಿನಲ್ಲೇ ಕರಗುವ ಬಿಳಿಯ ಲೋಹ ಬಂದಿದೆ, ವಾಸನೆ ಇಲ್ಲ. ಲೈಸನ್ಸುಗಳನ್ನೆಲ್ಲ ಕಂಪ್ಯೂಟರಿಗೆ ಏರಿಸುವ ಕಾಲದಲ್ಲಿ ನಂಬರಿಲ್ಲದ ಹಳೆಯ ರೈಫಲ್ಲುಗಳು ಸಾಲುಗಟ್ಟಿ ಬಂದವು. ಏಕಸಂಬಿಯಿಂದ ಬಂದ ಒಂದರಲ್ಲಿ ಮೂರು ಕಡೆ ಮೂರು ಬೇರೆ ನಂಬರು ಇದ್ದವು, ಮೂರೂ ತಪ್ಪು. ಹೀಗೆ ಬಂದವುಗಳಲ್ಲಿ ಕೊನೆಯದು ನನ್ನ ಕೊನೆಯ ಕೆಲಸವೂ ಆಯಿತು. ಅದನ್ನು ಹೇಳಲೆಂದೇ ಇಷ್ಟೆಲ್ಲ ಪೀಠಿಕೆ.

ದಸರೆಗೆ ಇನ್ನು ಹದಿನೈದು ದಿನವಿತ್ತು. ಮಧ್ಯಾಹ್ನ ಹನ್ನೆರಡರ ಸುಮಾರಿಗೆ ಕೊಕಟನೂರಿನಿಂದ ಮೂವರು ಬಂದರು. ಕಬ್ಬು, ದ್ರಾಕ್ಷಿ ಇರುವ ದೊಡ್ಡ ಮನೆತನದವರು. ಮುಂದೆ ಬಂದವರು ಮನೆಯ ಯಜಮಾನ ದುಂಡಪ್ಪಗೌಡರು. ಅವರ ಹಿಂದೆ ಸತ್ತ ಅಣ್ಣನ ಮಗ ಪ್ರವೀಣ, ಇಪ್ಪತ್ತೇಳರ ಆಸುಪಾಸು. ಕೆಂಪು ಬಟ್ಟೆಯಲ್ಲಿ ಸುತ್ತಿದ ರೈಫಲ್ಲನ್ನು ಎರಡೂ ಕೈಯಲ್ಲಿ ಹೊತ್ತಿದ್ದ. ಅವನ ತಾಯಿ ಕಸ್ತೂರೆವ್ವ ಒಳಗೆ ಬರದೆ ಹೊರಗಿನ ಮೆಟ್ಟಿಲ ಮೇಲೆ ಕೂತಳು.

ಗೌಡರು ಹೇಳಿದ್ದು ಇಷ್ಟು. ದಸರೆಯ ಆಯುಧಪೂಜೆ, ಖಂಡೇನವಮಿಯ ದಿನ ಈ ರೈಫಲ್ಲಿನ ಪೂಜೆ, ಆಮೇಲೆ ಮನೆಯ ಹಿರಿಯ ಮಗನಿಂದ ಒಂದು ಗುಂಡು ಆಕಾಶಕ್ಕೆ. ಅದು ಅವರ ಮನೆಯ ಪದ್ಧತಿ. ಇಪ್ಪತ್ತೆಂಟು ವರ್ಷದ ಹಿಂದೆ ಅಣ್ಣ ಗುಂಡು ಹಾರಿಸಿದಾಗ ಬೋಲ್ಟು ಹಿಂದಕ್ಕೆ ಹಾರಿ ಅವನ ಹಣೆಗೆ ಬಡಿದು ಅಲ್ಲೇ ಸತ್ತ. ಅಂದಿನಿಂದ ಪೂಜೆ ಮಾತ್ರ, ಗುಂಡು ಇಲ್ಲ. ಮುಂದೆ ಗಡಿಯಾಚೆ ಯಾರೋ ಅದಕ್ಕೆ ಬೇರೆ ಬೋಲ್ಟು ಕೂರಿಸಿ ಕೊಟ್ಟಿದ್ದರು. ಈಗ ಲೈಸನ್ಸು ಪ್ರವೀಣನ ಹೆಸರಿಗೆ ಆಗಬೇಕು, ಅದಕ್ಕೆ ನಂಬರಿನ ಪ್ರಮಾಣಪತ್ರ ಬೇಕು. ಅದು ಸಿಕ್ಕರೆ ಈ ನವಮಿಗೆ ಪ್ರವೀಣ ಗುಂಡು ಹಾರಿಸುತ್ತಾನೆ. ಹೀಗೆ ಹಾರಿಸುವುದು ಕಾನೂನಿಗೆ ಹೊರತೆಂದು ನಾನು ಅಂದೆ. ಗೌಡರು ನಕ್ಕರು.

‘ಬಂದೂಕಿನ ತಪ್ಪ ಏನಿಲ್ಲ ಬಿಡ್ರಿ’ ಎಂದು ದನಿ ತಗ್ಗಿಸದೇ ಹೇಳಿದರು. ‘ಅವತ್ತ ಈಕಿ ಬಸುರಿ. ಬಸುರಿ ಕೈಲೆ ಗೂಟದಾಗಿಂದ ತಗದ ಅಣ್ಣನ ಕೈಯಾಗ ಕೊಟ್ಟಳು. ಅದಕ್ಕ ಅದು ಅಂವನ್ನ ತಿಂತು.’

ಮೆಟ್ಟಿಲ ಮೇಲಿದ್ದವಳು ತಿರುಗಿ ನೋಡಲಿಲ್ಲ. ಪ್ರವೀಣ ನೆಲ ನೋಡಿದ. ಈ ಮಾತನ್ನು ಅವರಿಬ್ಬರೂ ಎಷ್ಟು ಸಲ ಕೇಳಿದ್ದಾರೆಂದು ನನಗೆ ಅಲ್ಲೇ ತಿಳಿಯಿತು. ಗೌಡರು, ಪ್ರವೀಣ ಊಟಕ್ಕೆಂದು ಖಾನಾವಳಿಗೆ ಹೋದ ಮೇಲೆ ಆಕೆ ಹೊಸ್ತಿಲವರೆಗೆ ಬಂದು ನಿಂತಳು. ಬಂದೂಕು ಇದ್ದ ಮೇಜಿನಿಂದ ಮಾರು ದೂರದಲ್ಲೇ.

‘ಇಪ್ಪತ್ತೆಂಟ ವರ್ಷ ಆತ್ರಿ, ದೇವರ ಕೋಣಿ ಹೊಸ್ತಲಾ ದಾಟಿಲ್ಲ ನಾ. ಮಗನ ಮುಂಜಿ, ಮದವಿ ಮಾತು ಬಂದಾಗೂ ನನ್ನ ಕೈ ಮುಂದ ಬರಬಾರದು ಅಂತಾರ. ಬಂದೂಕಿನ ತಪ್ಪ ಇದ್ರ ಹೇಳ್ರಿ. ನಂದ ಇದ್ರೂ ಹೇಳ್ರಿ. ಏನೂ ತಿಳೀದಂಗ ಸಾಯೂದ ಬ್ಯಾಡ ನನಗ.’

ನೋಡುತ್ತೇನೆ ಎಂದೆ. ಹೋಗುವ ಮುಂಚೆ ಇನ್ನೊಂದು ಮಾತು ಹೇಳಿದಳು. ಗಂಡ ಸತ್ತ ಮೇಲೆ ಈ ಬಂದೂಕು ನರಳುತ್ತದೆ, ಮಧ್ಯಾಹ್ನದ ಹೊತ್ತು, ಮನೆಯಲ್ಲಿ ಎಲ್ಲರಿಗೂ ಕೇಳಿಸುತ್ತದೆ. ಗಾಳಿ ನಳಿಗೆಯ ಬಾಯಿಗೆ ತಾಗಿದರೆ ಸದ್ದಾಗುತ್ತದೆ ಎಂದು ಹೇಳಿ ಕಳಿಸಿದೆ. ಬಾಟಲಿಯ ಬಾಯಿಗೆ ಊದಿದಾಗ ಬರುವಂಥದ್ದೇ ಸದ್ದು. ನನಗೆ ಆಗ ಅದರಲ್ಲಿ ಸಂಶಯವಿರಲಿಲ್ಲ.

ಮರುದಿನ ಮಧ್ಯಾಹ್ನ ಕೆಲಸಕ್ಕೆ ಕೂತೆ. ಅಂಗಡಿಯಲ್ಲಿ ನಾನೊಬ್ಬನೇ. ಕೆಂಪು ಬಟ್ಟೆ ಬಿಚ್ಚಿದರೆ ರೈಫಲ್ಲಿನ ಮೈ ಕಾಣದಷ್ಟು ಕುಂಕುಮ, ಎಣ್ಣೆ, ಭಂಡಾರದ ಅರಿಸಿನ. ಕೈಗೆ ಅಂಟುವ ದಪ್ಪನೆಯ ತೊಗಟೆ. ಮೇಜಿನ ಮೇಲೆ ಇಟ್ಟ ಸ್ವಲ್ಪ ಹೊತ್ತಿಗೆ ಇರುವೆಯ ಸಾಲೊಂದು ಗೋಡೆಯಿಂದ ಇಳಿದು ಬಂದು ನಳಿಗೆಯ ಬಾಯಿ ಹೊಕ್ಕಿತು. ಎಣ್ಣೆ, ಬೆಲ್ಲದ ವಾಸನೆಗೆ ಬಂದಿರಬೇಕು. ಒಳಗೆ ಹೋದವು. ಅರ್ಧ ತಾಸು ಕಾದೆ, ಒಂದೂ ಹೊರಗೆ ಬರಲಿಲ್ಲ. ಬೋಲ್ಟು ತೆಗೆದಿದ್ದೆ, ಆ ಕಡೆಯಿಂದಲೂ ಬರಲಿಲ್ಲ. ಅವ್ವನ ಮಗನಲ್ಲವೇ ನಾನು, ಅವು ಒಳಗೆ ಇರುವಾಗ ಸರಳು ಹಾಕಲು ಕೈ ಬರಲಿಲ್ಲ.

ಬೆಳಕು ಹಿಡಿದು ಹಿಂದಿನಿಂದ ನೋಡಿದೆ. ಇರುವೆ ಒಂದೂ ಇಲ್ಲ. ಬದಲಿಗೆ ನಳಿಗೆಯ ನಡುವಿನಲ್ಲಿ ಒಂದು ಕಣ್ಣು ನನ್ನನ್ನೇ ನೋಡುತ್ತಿತ್ತು. ಹೊಳೆಯುವ ಬಿಳಿ, ಅದರ ನಡುವೆ ಕಪ್ಪು ಬಳೆ. ಕೈಯಿಂದ ಬ್ಯಾಟರಿ ಬಿತ್ತು. ಮತ್ತೆ ಎತ್ತಿ ನೋಡುವಷ್ಟು ಧೈರ್ಯ ಬರಲು ಹೊತ್ತು ಹಿಡಿಯಿತು. ಆಮೇಲೆ ಅರ್ಥವಾಯಿತು. ನಳಿಗೆ ಒಳಗಿನಿಂದ ಉಬ್ಬಿದ್ದರೆ ಉಬ್ಬಿದ ಜಾಗ ಕಪ್ಪು ಉಂಗುರವಾಗಿ ಕಾಣುತ್ತದೆ. ನಳಿಗೆಗಿಂತ ದೊಡ್ಡ ಗುಂಡು ಅದರೊಳಗೆ ಒತ್ತಿಕೊಂಡು ಹೋದ ಗುರುತು ಅದು. ಸಾವಿನ ಕಾರಣ ಅಲ್ಲೇ ಇತ್ತು, ಯಾರೂ ಇಣುಕಿರಲಿಲ್ಲ.

ಹೊಸ ಲೋಹ ಕೈಯಲ್ಲಿದ್ದರೂ ಆ ದಿನ ನಾನು ಗಂಧಕವನ್ನೇ ಕರಗಿಸಿದೆ. ಕಾಡಿಗೆ, ಕರ್ಪೂರ ಹಾಕಿ ಸುರಿದೆ. ಅಷ್ಟರಲ್ಲಿ ಕರೆಂಟು ಹೋಯಿತು. ಫ್ಯಾನು ನಿಂತಿತು, ಬಾಗಿಲು ಮುಚ್ಚಿತ್ತು, ಎಲೆ ಅಲ್ಲಾಡುವಷ್ಟೂ ಗಾಳಿ ಇರಲಿಲ್ಲ. ಆ ನಿಶ್ಶಬ್ದದಲ್ಲಿ ರೈಫಲ್ಲು ಒಂದೇ ಒಂದು ಸಲ ಸದ್ದು ಮಾಡಿತು. ಕೆಳದನಿಯಲ್ಲಿ, ಉಸಿರು ಬಿಟ್ಟ ಹಾಗೆ. ಬಿಸಿ ಗಂಧಕಕ್ಕೆ ಒಳಗಿನ ಗಾಳಿ ಹಿಗ್ಗಿತೆಂದು ನೀವು ಹೇಳಬಹುದು. ನಾನೂ ಹಾಗೇ ಹೇಳಿಕೊಂಡೆ. ಸಾವಿರಾರು ಸಲ ಸುರಿದಿದ್ದೇನೆ, ಹಿಂದೆಂದೂ ಕೇಳಿರಲಿಲ್ಲ.

ಅಚ್ಚು ಚೆನ್ನಾಗಿ ಬಂತು. ಅಳೆದೆ. ಕಾಡತೂಸು ಕೂರುವ ಮನೆ ಮುನ್ನೂರ ಹದಿನೈದರದು. ಗಂಟಲು ಮುನ್ನೂರ ಮೂರರದು. ಸೀಸದ ಗುಂಡೂ ಅದನ್ನೇ ಹೇಳಿತು. ನಿಮಗೆ ಗೊತ್ತಿರಲಿ, ಮುನ್ನೂರ ಮೂರು ಸೇನೆ, ಪೊಲೀಸ್ ಪಡೆಗಳವರ ನಂಬರು, ಸಾಮಾನ್ಯರು ಇಟ್ಟುಕೊಳ್ಳುವಂತಿಲ್ಲ. ಹಿಂದೆ ಕೆಲವರು ಅಂಥ ರೈಫಲ್ಲಿನ ಮನೆಯನ್ನಷ್ಟೇ ಕೊರೆಸಿ ದೊಡ್ಡದು ಮಾಡಿಸಿ, ನಳಿಗೆ ಹಳೆಯದನ್ನೇ ಬಿಟ್ಟು, ಮುನ್ನೂರ ಹದಿನೈದು ಎಂದು ನಡೆಸಿಬಿಡುತ್ತಿದ್ದರು. ದೊಡ್ಡ ಗುಂಡು ಮನೆಯಲ್ಲಿ ಸಲೀಸಾಗಿ ಕೂರುತ್ತದೆ, ಗಂಟಲಲ್ಲಿ ಸಿಕ್ಕಿಕೊಳ್ಳುತ್ತದೆ. ಈ ರೈಫಲ್ಲಿನ ಬಾಯಿಯೂ ಹದಿನೈದು ಅನ್ನುತ್ತಿತ್ತು. ಪ್ರತಿ ನವಮಿಗೆ ಹುಣಸೆಹಣ್ಣು, ಬೂದಿ ಹಚ್ಚಿ ಕಬ್ಬಿಣದ ಸರಳಿಗೆ ನಾರು ಸುತ್ತಿ ಬಾಯನ್ನು ತಿಕ್ಕಿ ತೊಳೆಯುವುದು ಅವರ ಪೂಜೆಯ ಪದ್ಧತಿ. ತಲೆಮಾರುಗಳ ಭಕ್ತಿಯಿಂದ ಅದು ಅಗಲವಾಗಿತ್ತು.

ಹಾಗಾದರೆ ಬರೀ ಬಾಯಿ ಅಳೆದು, ಮನೆಯಲ್ಲಿ ಕಾಡತೂಸು ಕೂರಿಸಿ ನೋಡಿ, ಇದು ಹದಿನೈದೇ ಎಂದು ಯಾವನೋ ಒಬ್ಬ ನಂಬರು ಹೊಡೆದಿರಬೇಕು. ಗಂಟಲು ಕೇಳದ ದಡ್ಡ. ಅವನನ್ನು ಬಾಯ್ತುಂಬ ಬೈಯುತ್ತಲೇ ಸೀಮೆಎಣ್ಣೆಯ ಅರಳೆಯಿಂದ ಕುಂಕುಮದ ತೊಗಟೆ ತೊಳೆಯತೊಡಗಿದೆ. ಒಂದೊಂದೇ ಪದರು ಕರಗಿತು. ಮೊದಲು 315 ಕಂಡಿತು. ಅದರ ಪಕ್ಕದಲ್ಲಿ ಮೂರು ಚುಕ್ಕಿ. ಮೂರನೆಯದು ತುಸು ಕೆಳಗೆ ಜಾರಿತ್ತು.

ಕರೆಂಟು ಬಂದು ಫ್ಯಾನು ತಿರುಗಿತು. ಈ ರೈಫಲ್ಲು ನನ್ನ ನೆನಪಿನಲ್ಲೇ ಇರಲಿಲ್ಲ. ಆಗೆಲ್ಲ ದೊಡ್ಡ ಮನೆಗಳವರು ಮಿಸ್ತ್ರಿಯನ್ನೇ ಊರಿಗೆ ಕರೆಸುತ್ತಿದ್ದರು, ನಾನು ಎಷ್ಟೋ ಕಡೆ ಹೋಗಿದ್ದೇನೆ. ಕೊಕಟನೂರು ಅಂದರೆ ನನಗೆ ನೆನಪಿದ್ದದ್ದು ಒಂದು ಊಟ. ದೊಡ್ಡ ಪಡಸಾಲೆ, ಹೊತ್ತು ಇನ್ನೂ ಗೇಣು ಮೇಲಿರುವಾಗ ಅವಸರದಲ್ಲಿ ಬಡಿಸಿದ ಬಿಸಿ ರೊಟ್ಟಿ, ಉಳ್ಳಾಗಡ್ಡಿ ಬೆಳ್ಳುಳ್ಳಿ ಇಲ್ಲದ ಹೆಸರುಬೇಳೆ, ಗುರೆಳ್ಳು ಚಟ್ನಿ. ಬಡಿಸಿದ ಹೊಸ ಸೊಸೆಯ ಹಸಿರು ಬಳೆಗಳ ಸದ್ದು. ಆ ಊಟಕ್ಕೆ ಹೊತ್ತಾಗುತ್ತದೆಂದು ನಾನು ಗಂಧಕ ಕರಗಿಸಿರಲಿಲ್ಲ. ಅದು ಆರುವಷ್ಟರಲ್ಲಿ ಸೂರ್ಯ ಮುಳುಗುತ್ತಿದ್ದ. ಬಾಯಿ ಅಳೆದೆ, ಕಾಡತೂಸು ಕೂರಿಸಿ ನೋಡಿದೆ, ಠಸ್ಸೆ ಹೊಡೆದೆ, ಕೈ ತೊಳೆದು ಉಣ್ಣಲು ಕೂತೆ.

ಉಸ್ತಾದರಿಗೆ ಇದು ಗೊತ್ತಿತ್ತು. ಆ ದಸರೆ ಕಳೆದ ಮೇಲೆ ಅವರು ಒಬ್ಬರೇ ಹೋಗಿ ನೋಡಿ ಬಂದದ್ದು ಇದನ್ನೇ. ಒಂದು ವರ್ಷ ಪೆಟ್ಟಿಗೆ ಕಿತ್ತುಕೊಂಡದ್ದು ಕೂದಲಿಗಲ್ಲ. ನನ್ನನ್ನು ಉಳಿಸಲು ಬಾಯಿ ಕಟ್ಟಿಕೊಂಡರು. ಸತ್ತವರ ಮೇಲೆ ಸಿಟ್ಟಾಗಬಾರದು, ಆದರೂ ಆದೆ. ಅವರು ಅಂದು ನಾಲ್ಕು ಮಾತು ಆಡಿದ್ದರೆ ಒಬ್ಬ ಹೆಂಗಸು ಇಪ್ಪತ್ತೆಂಟು ವರ್ಷ ಹೊಸ್ತಿಲ ಹೊರಗೆ ನಿಲ್ಲುತ್ತಿರಲಿಲ್ಲ.

ಆ ವಾರ ನಾನು ಏನೇನು ಲೆಕ್ಕ ಹಾಕಿದೆನೆಂದು ಬರೆಯಲು ನಾಚಿಕೆಯಾಗುತ್ತದೆ. ಮೂರು ಚುಕ್ಕಿಯನ್ನು ಅರಗೋಲಿನಿಂದ ತಿಕ್ಕಿಬಿಡಬಹುದಿತ್ತು. ಕುಂಕುಮವನ್ನೇ ಮತ್ತೆ ಮೆತ್ತಬಹುದಿತ್ತು. ‘ಹಳೆಯ ನಂಬರು ತಪ್ಪು’ ಎಂದಷ್ಟೇ ಬರೆದು, ಹೊಡೆದವನು ಯಾರೋ ಎಂದು ಬಿಡಬಹುದಿತ್ತು. ಅರಗೋಲನ್ನು ಎರಡು ಸಲ ಕೈಗೆ ತೆಗೆದುಕೊಂಡೂ ಇದ್ದೆ. ಕೊನೆಗೆ ಉಸ್ತಾದರು ಕಲಿಸಿದ ಹಾಗೆಯೇ ಮಾಡಿದೆ. 315ರ ಮೇಲೆ ಗೀಟು ಎಳೆದೆ. ಪಕ್ಕದಲ್ಲಿ ಕಾಡತೂಸಿನ ಮನೆಯ ನಂಬರು, ಗಂಟಲಿನ ನಂಬರು ಎರಡನ್ನೂ ಹೊಡೆದೆ. ಮುಂದೆ ನನ್ನ ಮೂರು ಚುಕ್ಕಿ. ಕೈ ಎಂದಿನಂತೆ ಮೂರನೆಯದನ್ನು ಜಾರಿಸಿತು. ಒಂದೇ ಮೈಮೇಲೆ ಎರಡು ಕಡೆ ಒಂದೇ ಕೈ.

ರೈಫಲ್ಲನ್ನು ಒಯ್ಯಲು ಪ್ರವೀಣ ಜೀಪು ತಂದಿದ್ದ. ರೈಫಲ್ಲಿನೊಂದಿಗೆ ನಾನೂ ಬರುತ್ತೇನೆ ಎಂದೆ. ಚಿಕ್ಕೋಡಿ ದಾಟಿ, ಕೃಷ್ಣೆ ದಾಟಿ ಅಥಣಿ ಕಡೆ ಹೊರಟೆವು. ಅವನು ದ್ರಾಕ್ಷಿ ಬಳ್ಳಿ ಕತ್ತರಿಸುವ ಚಾಟಣಿ, ಬೂದಿರೋಗ, ಗಂಧಕದ ಹೊಗೆ ಎಂದು ಏನೇನೋ ಹೇಳುತ್ತಿದ್ದ. ತಂದೆಯನ್ನು ಅವನು ನೋಡಿಯೇ ಇಲ್ಲ ಎಂಬುದು ನನ್ನ ತಲೆಯಲ್ಲಿ ತಿರುಗುತ್ತಿತ್ತು.

ಪಡಸಾಲೆ ಅದೇ. ಗೌಡರು ಪ್ರಮಾಣಪತ್ರ ಓದಿದರು. ಈ ರೈಫಲ್ಲಿಗೆ ಹೊಂದುವ ಕಾಡತೂಸೇ ಇಲ್ಲ, ಇದನ್ನು ಹಾರಿಸುವಂತಿಲ್ಲ, ಲೈಸನ್ಸಿನ ಕಚೇರಿಗೆ ತಿಳಿಸಿ ನಳಿಗೆ ಮುಚ್ಚಿಸಬೇಕು ಎಂದು ನಾನು ಬಾಯಲ್ಲೂ ಹೇಳಿದೆ. ಅವರು ಕಾಗದ ಮಡಚಿದರು. ನಂಬರು ಏನೇ ಇರಲಿ, ಇಷ್ಟು ತಲೆಮಾರು ಏನೂ ಮಾಡದ ಬಂದೂಕು ಆ ಒಂದು ದಿನವೇ ಯಾಕೆ ತಿಂದಿತು ಎಂದರು. ಮೊದಲು ನಿಮ್ಮ ಮನೆಯಲ್ಲಿ ಮುನ್ನೂರ ಮೂರರ ಹಳೆಯ ಕಾಡತೂಸುಗಳಿದ್ದವು, ಹೊಡೆಯುವಾಗ ಬುಡ ಸೀಳಿ ಹೊಗೆ ಹೊರಗೆ ಬರುತ್ತಿದ್ದರೂ ಗುಂಡು ನಳಿಗೆಗೆ ಸರಿಯಿತ್ತು, ಅವು ತೀರಿದ ಮೇಲೆ ಹೊಸ ನಂಬರು ನೋಡಿ ಹೊಸದು ತಂದಿರಿ ಎಂದೆ. ಆ ನಂಬರು ಯಾರು ಕೊಟ್ಟದ್ದು ಅಂದರು. ಕಸ್ತೂರೆವ್ವ ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದಳು. ನಾನು ಬಟ್ಟೆ ಬಿಚ್ಚಿ ರೈಫಲ್ಲನ್ನು ನೆಲದ ಮೇಲೆ ಇಟ್ಟೆ. ಎರಡೂ ಕಡೆಯ ಚುಕ್ಕಿಗಳ ಮೇಲೆ ಬೆರಳಿಟ್ಟೆ.

‘ಇವೂ ನನ್ನವು, ಇವೂ ನನ್ನವು. ಅಕ್ಕಾರು ಕೊಟ್ಟಿದ್ದ ಬರೇ ಬಂದೂಕರಿ. ಸಾವು ಕೊಟ್ಟಾಂವ ನಾನು.’

ಪ್ರವೀಣ ಎದ್ದು ನಿಂತ. ಹೊಡೆಯುತ್ತಾನೆ ಅಂದುಕೊಂಡೆ, ಹೊಡೆದಿದ್ದರೆ ನನಗೆ ಹಗುರಾಗುತ್ತಿತ್ತು. ಅವನು ತಾಯಿಯನ್ನು ನೋಡಿದ. ಆಕೆ ಪಡಸಾಲೆಗೆ ಇಳಿದು ಬಂದಳು. ಬಗ್ಗಿ ರೈಫಲ್ಲನ್ನು ಎರಡೂ ಕೈಯಿಂದ ಎತ್ತಿಕೊಂಡಳು. ಬಳೆ ಇಲ್ಲದ ಕೈ. ಗೌಡರ ಮುಂದಿನಿಂದಲೇ ನಡೆದು, ದೇವರ ಕೋಣೆಯ ಹೊಸ್ತಿಲು ದಾಟಿ, ಅದನ್ನು ಗೂಟಕ್ಕೆ ತೂಗುಹಾಕಿದಳು. ಒಳಗೆ ಸ್ವಲ್ಪ ಹೊತ್ತು ನಿಂತಿದ್ದಳು. ಹೊರಗೆ ಬಂದಾಗ ಮುಖ ತೊಳೆದ ಹಾಗಿತ್ತು.

ನಾನು ಹೋಗಲು ಎದ್ದೆ. ಹೊತ್ತು ಅಂಗಳದ ಗೋಡೆಯ ಮೇಲಿತ್ತು. ‘ಕುಂದರ್ರಿ’ ಎಂದಳು. ಒಲೆ ಹಚ್ಚುವ ಸದ್ದು, ಹಿಟ್ಟು ಬಡಿಯುವ ಸದ್ದು ಕೇಳಿತು. ಗೌಡರು ಎದ್ದು ಹೊರಗೆ ಹೋದರು. ಪ್ರವೀಣ ನನ್ನ ಎದುರಿಗೇ ಕೂತಿದ್ದ. ಬಿಸಿಲು ಗೋಡೆಯಿಂದ ಇಳಿಯಿತು, ಮರದ ತುದಿಗೆ ಹೋಯಿತು, ಅಲ್ಲಿಂದಲೂ ಹೋಯಿತು. ಆಕೆ ಅವಸರ ಮಾಡಲಿಲ್ಲ. ಪಡಸಾಲೆಯ ದೀಪ ಹಾಕಿದ ಮೇಲೆ ತಾಟು ತಂದು ನನ್ನ ಮುಂದೆ ಇಟ್ಟಳು. ರೊಟ್ಟಿ, ಉಳ್ಳಾಗಡ್ಡಿ ಬೆಳ್ಳುಳ್ಳಿ ಇಲ್ಲದ ಹೆಸರುಬೇಳೆ, ಗುರೆಳ್ಳು ಚಟ್ನಿ.

‘ಅವತ್ತ ನಿಮಗ ಹೊತ್ತ ಆಕೈತಿ ಅಂತ ಅತ್ತಿ ನನಗ ಭಾಳ ಅವಸರ ಮಾಡಿದ್ರು. ಇವತ್ತ ಸಾವಕಾಶ ಮಾಡೇನಿ. ಉಣ್ರಿ.’

ಅವ್ವನ ವಚನದಲ್ಲಿ ತಪ್ಪಿರಲಿಲ್ಲ. ತಪ್ಪು ನನ್ನ ಅವಸರದ್ದು. ಆದರೂ ಆ ತಾಟನ್ನು ತಳ್ಳುವ ಯೋಗ್ಯತೆ ನನಗೆ ಉಳಿದಿರಲಿಲ್ಲ. ದೀಪದ ಸುತ್ತ ಹುಳಗಳು ಸುತ್ತುತ್ತಿದ್ದವು. ಒಂದು ಬೇಳೆಯಲ್ಲಿ ಬಿದ್ದು ಒದ್ದಾಡಿತು. ಅದನ್ನು ಬೆರಳಿನಿಂದ ಎತ್ತಿ ನೆಲದ ಮೇಲೆ ಬಿಟ್ಟೆ. ಆಮೇಲೆ ರೊಟ್ಟಿ ಮುರಿದೆ.